ಅಕ್ಕೋರು ಕೈ ಎತ್ತಿದ ಬೆಳಿಗ್ಗೆ

ನಮ್ಮ ದಂಡೆಯಲ್ಲಿ ಒಂದು ಕಟ್ಟುಪಾಡಿದೆ. ಬಲೆ ನೀರಿನಲ್ಲಿರುವಾಗ ದಂಡೆಯ ಮೇಲೆ ನಿಂತವರು ಯಾರೂ ಕೈ ಎತ್ತುವುದಿಲ್ಲ. ದೂರದಲ್ಲಿ ಪರಿಚಯದವರು ಕಂಡರೂ ಕೈ ಬೀಸುವುದಿಲ್ಲ. ತಲೆಯ ಮೇಲಿನ ಬುಟ್ಟಿ ಜಾರಿದರೆ ಹೆಂಗಸರು ಕುಳಿತುಕೊಂಡು ಸರಿಮಾಡಿಕೊಳ್ಳುತ್ತಾರೆ. ಮೀನುಗಾರರ ಮನೆಯ ಮಗುವಿಗೆ ನಡೆಯಲು ಬಂದ ಕೂಡಲೇ ಹೇಳಿಕೊಡುವ ಮಾತು ಇದು. ನನಗೂ ಹೇಳಿಕೊಟ್ಟಿದ್ದರು. ಆದರೆ ನಾನು ಅದನ್ನು ನನ್ನ ಪ್ರಾಣಿಶಾಸ್ತ್ರದ ಅಧ್ಯಾಪಕಿಗೆ ಹೇಳಲು ಮರೆತೆ. ಆ ಮರೆವಿನಿಂದ ನನ್ನ ಅಣ್ಣ ಸಾಯುವುದರಲ್ಲಿದ್ದ. ಅವನು ಉಳಿದದ್ದೂ ಆ ಅಧ್ಯಾಪಕಿಯಿಂದಲೇ.

ಆರು ವರ್ಷವಾಯಿತು. ನಾನೀಗ ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬೋರ್ಡಿನ ಮೇಲ್ತುದಿಯಲ್ಲಿ ಬರೆಯಲು ಕೈ ಎತ್ತಿದಾಗ ಕೆಲವೊಮ್ಮೆ ಕೈ ಅಲ್ಲೇ ನಿಂತುಬಿಡುತ್ತದೆ. ಮಕ್ಕಳು ನನಗೆ ಸ್ಪೆಲ್ಲಿಂಗ್ ಮರೆತಿದೆ ಎಂದುಕೊಳ್ಳುತ್ತಾರೆ.

ಕಳೆದ ತಿಂಗಳು ಆ ಅಧ್ಯಾಪಕಿ ಕಾರವಾರದ ಕಾಲೇಜಿನಿಂದ ನಿವೃತ್ತರಾದರು. ಬೀಳ್ಕೊಡುಗೆಯ ಭಾಷಣಗಳಲ್ಲಿ ಅವರ ಶಿಸ್ತು, ಸಮಯಪಾಲನೆ, ಸರಳತೆ ಎಲ್ಲ ಬಂದವು. ಅವರು ವೇದಿಕೆಯ ಮೇಲೆ ಕುಳಿತು ಹಾರದ ಹೂವಿನ ಕೇಸರಗಳನ್ನು ಎಣಿಸುತ್ತಿದ್ದರು. ಭಾಷಣದಲ್ಲಿ ಬರದ ಅವರನ್ನು ನಾನು ಇಲ್ಲಿ ಬರೆಯಬೇಕು. ಹೆಸರು ಬರೆಯುವುದಿಲ್ಲ, ಬರೆದರೆ ಬಯ್ಯುತ್ತಾರೆ. ನಾವೆಲ್ಲ ‘ಅಕ್ಕೋರು’ ಎನ್ನುತ್ತಿದ್ದೆವು. ನಮ್ಮ ಕಡೆ ಶಾಲೆಯ ಟೀಚರನ್ನು ಹಾಗೆ ಕರೆಯುವುದು. ಕಾಲೇಜಿನಲ್ಲಿ ಮೇಡಂ ಎನ್ನಬೇಕು. ಅವರನ್ನು ಮೇಡಂ ಎಂದರೆ ಹಿಂದೆ ತಿರುಗಿ ಯಾರು ಬಂದರು ಎಂದು ನೋಡುತ್ತಿದ್ದರು.

ಅವರು ಸುಂಕಸಾಳದ ಕಡೆಯ ಗದ್ದೆ ಕೆಲಸದ ಮನೆಯವರು. ಎಂಟು ಹತ್ತು ವರ್ಷ ದೊಡ್ಡ ಊರಿನ ಪ್ರಯೋಗಾಲಯವೊಂದರಲ್ಲಿ ಸಸ್ತನಿಗಳ ಅಂಡಾಣುವಿನ ಮೇಲೆ ಕೆಲಸ ಮಾಡಿದ್ದರು. ಅಲ್ಲಿನ ಯೋಜನೆ ಮುಗಿದ ಮೇಲೆ ಕಾರವಾರಕ್ಕೆ ಬಂದು, ಶಿರವಾಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಕಾಲೇಜಿಗೆ ಸೇರಿಕೊಂಡಿದ್ದರು. ಪ್ರಯೋಗಾಲಯ ಬಿಟ್ಟು ಬಂದದ್ದಕ್ಕೆ ಬೇಸರವಿತ್ತೋ ಇಲ್ಲವೋ ತಿಳಿಯದು. ಅಂಡಾಣುವನ್ನಂತೂ ಅವರು ಬಿಟ್ಟು ಬಂದಿರಲಿಲ್ಲ.

ವಾರಕ್ಕೊಮ್ಮೆ ಬೆಳಿಗ್ಗೆ ಪೇಟೆಯ ಮಟನ್ ಅಂಗಡಿಗೆ ಹೋಗುತ್ತಿದ್ದರು. ಕೈಯಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ತುಂಬಿದ ಫ್ಲಾಸ್ಕ್. ಮೇಕೆಯ ಅಂಡಾಶಯ ಅವರಿಗೆ ಬೇಕಿತ್ತು. ಅಂಗಡಿಯವನಿಗೆ ಅದು ಬಿಸಾಡುವ ವಸ್ತು. ಒಮ್ಮೆ ನಾನು ಜೊತೆಗಿದ್ದಾಗ ಅವನು ಕೇಳಿಯೇ ಬಿಟ್ಟ.

‘ಅಕ್ಕೋರೇ, ಬೇಜಾರ ಮಾಡ್ಕಣಬೇಡಿ. ಇದ್ರ ಸುಕ್ಕಾ ಮಾಡ್ತ್ರೋ, ಸಾರು ಮಾಡ್ತ್ರೋ?’

‘ಇದ್ನ ನೋಡೂದು ಮಾರಾಯಾ, ತಿನ್ನೂದಲ್ಲ.’

‘ಬರೀ ನೋಡೂಕೆ ಇಷ್ಟು ದೂರ ಬತ್ರಾ?’ ಎಂದು ಅವನು ನನ್ನ ಮುಖ ನೋಡಿದ. ನನಗೂ ಆಗ ಅದೇ ಪ್ರಶ್ನೆಯಿತ್ತು.

ಆ ಫ್ಲಾಸ್ಕು, ಅವರ ಚಹಾದ ಫ್ಲಾಸ್ಕು ಎರಡೂ ಒಂದೇ ಬಣ್ಣದವು. ಒಂದು ದಿನ ಕಾಲೇಜಿನ ಜವಾನ ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರ ಕಪ್ಪಿಗೆ ಬಗ್ಗಿಸಿ, ‘ಅಕ್ಕೋರೇ, ನಿಮ್ಮ ಚಾದಾಗೆ ಎಂತದೋ ಬಿದ್ದದೆ’ ಎಂದನಂತೆ. ಅವರು ಓಡಿಬಂದು, ‘ಸೋಸಬೇಡ, ಸೋಸಬೇಡ’ ಎಂದು ಕಪ್ಪನ್ನೇ ಎತ್ತಿಕೊಂಡು ಲ್ಯಾಬಿಗೆ ಹೋದರಂತೆ. ಪ್ರಿನ್ಸಿಪಾಲರು ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವುದನ್ನೇ ಬಿಟ್ಟರು.

ಲ್ಯಾಬಿನಲ್ಲಿ ಅವರು ಆ ಅಂಡಾಶಯದಿಂದ ಸೂಜಿಯಲ್ಲಿ ದ್ರವ ಎಳೆದು, ಅದರೊಳಗಿನ ಅಂಡಾಣುಗಳನ್ನು ಹುಡುಕಿ ತೆಗೆಯುತ್ತಿದ್ದರು. ಕೆಲವಕ್ಕೆ ಆಗಲೇ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುವರು. ದೊಡ್ಡದೊಂದು ದುಂಡು ಕೋಶಕೇಂದ್ರ ಕಾಣುತ್ತಿತ್ತು. ಉಳಿದವನ್ನು ಗಾಜಿನ ಜಾಡಿಯಲ್ಲಿ, ಒಳಗೊಂದು ಮೇಣದಬತ್ತಿ ಉರಿಸಿ ಮುಚ್ಚಿ, ಮೈ ಬಿಸಿಯಷ್ಟೇ ಬಿಸಿಯಲ್ಲಿ ಇಡುವರು. ಮಾರನೆಯ ದಿನ ನೋಡಿದರೆ ಆ ದುಂಡು ಕೇಂದ್ರ ಇಲ್ಲ. ಅದರ ಪೊರೆ ಕರಗಿ, ವರ್ಣತಂತುಗಳು ಸಾಲಾಗಿ ನಿಂತಿರುತ್ತಿದ್ದವು. ಯಾವಾಗಲೂ ಆಗುತ್ತಿರಲಿಲ್ಲ. ಕರೆಂಟು ಹೋದರೆ ಎಲ್ಲ ಹಾಳು. ಆದ ದಿನ ಮಾತ್ರ ಅಕ್ಕೋರು ಒಬ್ಬೊಬ್ಬರನ್ನೇ ಕೈ ಹಿಡಿದು ಕರೆತಂದು ತೋರಿಸುವರು, ಹೊಸ ಮೊಮ್ಮಗುವನ್ನು ತೋರಿಸಿದ ಹಾಗೆ.

‘ಇದು ಎಷ್ಟು ದಿನದಿಂದ ಕಾದಿತ್ತು ಹೇಳಿ?’ ಎಂದು ಕೇಳುವರು. ‘ನಿನ್ನೆಯಿಂದ’ ಎಂದು ಯಾರಾದರೂ ಹೇಳಿದರೆ, ಬಲಗೈಯನ್ನು ತಲೆಗಿಂತ ಮೇಲಕ್ಕೆ ಎತ್ತಿ, ‘ಅಲ್ಲ’ ಎನ್ನುವರು. ಅದು ಅವರ ಅಭ್ಯಾಸ. ಕೈಯಲ್ಲಿ ಚಾಕ್ ಇರಲಿ, ಡಸ್ಟರ್ ಇರಲಿ, ಮುಖ್ಯವಾದ ಮಾತು ಬಂದಾಗ ಅದು ಮೇಲಕ್ಕೆ ಹೋಗುತ್ತಿತ್ತು.

‘ಈ ಮೇಕೆ ತನ್ನ ತಾಯಿಯ ಹೊಟ್ಟೆಲಿ ಇರ್ವಾಗಿಂದ. ಹೆಣ್ಣು ಹುಟ್ಟೂ ಮುಂಚೆನೇ ಅವಳ ಅಂಡಾಣು ಎಲ್ಲ ಅಲ್ಲಿ ಇರ್ತದೆ. ವಿಭಜನೆ ಶುರು ಮಾಡಿ ಅರ್ಧಕ್ಕೆ ನಿಲ್ಸಿ ಕೂತಿರ್ತದೆ. ಮನಿಷರಲ್ಲಾದ್ರೆ ಹದಿನೈದು ವರ್ಷ, ಮೂವತ್ತು ವರ್ಷ, ನಲವತ್ತು ವರ್ಷ.’

‘ಅಷ್ಟು ವರ್ಷ ನಿದ್ದೆ ಮಾಡ್ತದಾ ಅಕ್ಕೋರೇ?’

‘ನಿದ್ದೆ ಯಾರು ಮಾಡ್ತಾರೆ? ದುಡೀತಾ ಇರ್ತದೆ. ನಿಲ್ಲೂದೂ ಒಂದು ಕೆಲಸವೇ.’

ಅದನ್ನು ಅವರು ವಿವರಿಸಿದ ರೀತಿ ನನಗೆ ಇವತ್ತಿಗೂ ನೆನಪಿದೆ. ಅಂಡಾಣುವಿನೊಳಗೆ ಸೈಕ್ಲಿನ್ ಎಂಬ ಪ್ರೋಟೀನು ಸ್ವಲ್ಪ ಸ್ವಲ್ಪವಾಗಿ ತಯಾರಾಗುತ್ತಲೇ ಇರುತ್ತದೆ. ಅದು ಸಾಕಷ್ಟು ಸೇರಿ, ತನ್ನ ಜೊತೆಗಾರ ಕಿಣ್ವವನ್ನು ಕೂಡಿಕೊಂಡರೆ ವಿಭಜನೆ ಮುಂದುವರಿಯುತ್ತದೆ. ಆದರೆ ಅದನ್ನು ಹುಡುಕಿ ಹುಡುಕಿ ಒಡೆದು ಹಾಕುವ ಬೇರೆ ಪ್ರೋಟೀನುಗಳೂ ಅಲ್ಲೇ ಇರುತ್ತವೆ. ಸುತ್ತಲಿನ ಜೀವಕೋಶಗಳೂ ‘ತಡಿ, ತಡಿ’ ಎಂದು ಸಂದೇಶ ಕಳಿಸುತ್ತಿರುತ್ತವೆ. ಸೋರುವ ದೋಣಿಯಲ್ಲಿ ಕುಳಿತು ನೀರು ಹೊರಗೆ ಚೆಲ್ಲುತ್ತಲೇ ಇರುವ ಹಾಗೆ, ಎಂದು ನಾನು ಹೇಳಿದೆ. ಅಕ್ಕೋರು ನನ್ನನ್ನು ಮೊದಲ ಬಾರಿ ಸರಿಯಾಗಿ ನೋಡಿದರು.

‘ನೀ ಎಲ್ಲಿಯವಳು ತಂಗಿ?’

ಹೇಳಿದೆ. ನಮ್ಮವರು ಮೊದಲು ಅರ್ಗಾದ ಹತ್ತಿರ ಇದ್ದವರು. ಅಲ್ಲಿನ ದಂಡೆ ನೌಕಾನೆಲೆಗೆ ಹೋದ ಮೇಲೆ ಕಾರವಾರದ ಈಚೆಗೆ ಬಂದು ಮನೆ ಕಟ್ಟಿದರು. ಅಪ್ಪ ತೀರಿಹೋಗಿದ್ದರು. ದೊಡ್ಡಪ್ಪ ಯೇಂಡಿ ಬಲೆಯ ತಾಂಡೇಲ, ಎಂದರೆ ಬಲೆಯ ಯಜಮಾನ, ಅವನ ಮಾತೇ ಕೊನೆ. ಅಣ್ಣ ಅದೇ ದೋಣಿಯಲ್ಲಿ ಹೋಗುತ್ತಿದ್ದ. ಯೇಂಡಿ ಬಲೆ ಎಂದರೇನು ಎಂದು ಅವರು ಕೇಳಿದರು. ಗದ್ದೆಯ ಕಡೆಯವರಿಗೆ ಗೊತ್ತಿರುವುದಿಲ್ಲ. ನಾನು ಬೋರ್ಡಿನ ಮೇಲೆ ಚಿತ್ರ ಬರೆದೆ. ಹಗ್ಗದ ಒಂದು ತುದಿಯನ್ನು ದಂಡೆಯ ಜನರ ಕೈಗೆ ಕೊಟ್ಟು ದೋಣಿ ಹೊರಡುತ್ತದೆ. ಕಡಲಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಡುತ್ತ ಸುತ್ತಿ ಬಂದು, ಇನ್ನೊಂದು ಹಗ್ಗದ ತುದಿಯನ್ನು ದೂರದಲ್ಲಿ ದಂಡೆಗೆ ತಂದು ಮುಟ್ಟಿಸುತ್ತದೆ. ಆಮೇಲೆ ತಾಂಡೇಲ ಬಿಳಿ ಬಟ್ಟೆ ಎತ್ತಿ ಬೀಸುತ್ತಾನೆ. ಎರಡೂ ಕಡೆಯವರು ಒಟ್ಟಿಗೆ ಎಳೆಯುತ್ತಾರೆ. ಅಲೆಯ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ, ಅದಕ್ಕೇ ಬಟ್ಟೆ.

‘ಎರಡನೇ ತುದಿ ಬರೂ ಮುಂಚೆ ಎಳೆದ್ರೆ?’

‘ಎಳೆಯೂದಿಲ್ಲ ಅಕ್ಕೋರೇ.’

‘ಎಳೆದ್ರೆ ಅಂತ ಕೇಳ್ದೆ.’

‘ಯಾರೂ ಎಳೆಯೂದೇ ಇಲ್ಲ.’

ಅವರು ಖುಷಿಯಿಂದ ಮೇಜಿನ ಮೇಲೆ ಬಡಿದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಅಂಡಾಣುವಿನಲ್ಲೂ ಹೀಗೇ ಎಂದರು. ತಡೆ ಬಿಟ್ಟು ಸೈಕ್ಲಿನ್ ಏರಿದ ಮೇಲೆ, ವರ್ಣತಂತುಗಳ ಜೋಡಿಗಳಿಗೆ ಎರಡೂ ಕಡೆಯಿಂದ ನೂಲುಗಳು ಬಂದು ಕಟ್ಟಿಕೊಳ್ಳುತ್ತವೆ. ಒಂದೇ ಒಂದು ಜೋಡಿ ಕಟ್ಟದೆ ಉಳಿದರೂ ಕಾವಲಿನ ಪ್ರೋಟೀನುಗಳು ‘ಇನ್ನೂ ಇಲ್ಲ’ ಎಂದು ತಡೆಯುತ್ತವೆ. ಎಲ್ಲ ಕಟ್ಟಿದ ಮೇಲೆಯೇ ಸೈಕ್ಲಿನ್ನನ್ನು ಒಡೆದು, ಜೋಡಿಗಳ ನಡುವಿನ ಅಂಟನ್ನು ಕತ್ತರಿಸಿ, ಎರಡೂ ಕಡೆಗೆ ಎಳೆಯುವುದು. ‘ಆದ್ರೆ ಬೇರೆ ಜೀವಕೋಶದ ಕಾವಲುಗಾರನಷ್ಟು ಅಂಡಾಣುವಿನ ಕಾವಲುಗಾರ ಕಟ್ಟುನಿಟ್ಟಲ್ಲ. ವಯಸ್ಸಾದ ಹಾಗೆ ಅಂಟೂ ಸಡಿಲ ಆಗ್ತದೆ. ಎಷ್ಟೋ ಬಸಿರು ನಿಲ್ಲದೇ ಹೋಗೂದು ಇದರಿಂದ. ಮನೆಯವರು ಹೆಂಗಸಿಗೆ ಬಯ್ತಾರೆ, ಅಲ್ಲಿ ಹೋದೆ, ಇದು ತಿಂದೆ ಅಂತ. ಅವಳು ಎಂತದೂ ಮಾಡಿರೂದಿಲ್ಲ. ಒಂದು ಹಗ್ಗ ತಪ್ಪಿರ್ತದೆ, ಅಷ್ಟೇ.’ ಆಗ ತರಗತಿಯಲ್ಲಿದ್ದ ಹುಡುಗಿಯರೆಲ್ಲ ಬರೆಯುವುದನ್ನು ನಿಲ್ಲಿಸಿದ್ದೆವು.

ಹೀಗೆ ಅವರು ತರಗತಿಯನ್ನು ದಂಡೆಗೆ ಕರೆತರುವುದೆಂದಾಯಿತು. ದೊಡ್ಡಪ್ಪನನ್ನು ಕೇಳಿದೆ. ‘ಬರ್ಲಿ, ಅದ್ಕೇನು. ನಿನ್ನ ಅಕ್ಕೋರಿಗೆ ಬಂಗಡೆ ಕೊಡ್ವಾ’ ಎಂದರು. ಹುಡುಗರು ನೀರಿಗಿಳಿಯಬಾರದು, ಹಗ್ಗ ದಾಟಬಾರದು ಎಂದು ನಾನು ಎಲ್ಲರಿಗೂ ಹೇಳಿದೆ. ಕೈ ಎತ್ತಬಾರದು ಎಂಬುದನ್ನು ಹೇಳಲಿಲ್ಲ. ಉಸಿರಾಡಬೇಕು ಎಂದು ಯಾರಿಗಾದರೂ ಹೇಳುತ್ತೇವೆಯೇ? ಆರು ವರ್ಷದಿಂದ ನನಗೆ ನಾನೇ ಕೊಟ್ಟುಕೊಳ್ಳುತ್ತಿರುವ ಸಮಾಧಾನ ಇದು. ಸಾಕಾಗುವುದಿಲ್ಲ.

ಮಳೆಗಾಲ ಮುಗಿದ ಹೊಸತು. ಬಿಸಿಲು ಏರಿತ್ತು. ದೋಣಿ ಬಲೆ ಬಿಟ್ಟು ಸುತ್ತಿ, ಎರಡನೇ ಹಗ್ಗ ಬಿಚ್ಚುತ್ತ ದಂಡೆಯತ್ತ ತಿರುಗಿತ್ತು. ಅಣ್ಣ ಹಿಂಬದಿಯಲ್ಲಿ ನಿಂತು ಹಗ್ಗ ಬಿಡುತ್ತಿದ್ದ. ಅವನ ಮದುವೆಯಾಗಿ ಆಗ ಮೂರು ತಿಂಗಳು. ಅವನ ಹೆಂಡತಿ, ನನ್ನ ವೈನಿ, ನಾಲ್ಕಾರು ಹೆಂಗಸರ ಜೊತೆ ಬುಟ್ಟಿ ಹಿಡಿದು ಕಾಯುತ್ತಿದ್ದಳು. ನಮ್ಮ ತೆಂಕಲ ಬದಿಯಲ್ಲಿ ಹದಿನೆಂಟು ಜನ ಮೊದಲ ಹಗ್ಗವನ್ನು ಸೊಂಟಕ್ಕೆ ಹಾಕಿಕೊಂಡು ತಯಾರಾಗಿದ್ದರು. ದೊಡ್ಡಪ್ಪ ಬಡಗಲಿಗೆ ದೂರದಲ್ಲಿ, ದೋಣಿ ಬರುವ ಜಾಗದಲ್ಲಿದ್ದರು.

ಅಕ್ಕೋರು ಮುಖದ ಬೆವರು ಒರೆಸಿಕೊಳ್ಳುತ್ತ ಪಾಠ ಹೇಳುತ್ತಿದ್ದರು. ‘ಈಗ ನೋಡಿ, ಈ ತುದಿ ಕಟ್ಟಿ ಆಗಿದೆ. ಆದ್ರೂ ಇವರು ಎಳೀತಿಲ್ಲ. ಯಾಕೆ?’ ಯಾರೋ ಏನೋ ಹೇಳಿದರು. ‘ಸರಿ. ಅಲ್ಲಿ ನೋಡಿ, ಆ ತುದಿ ಇನ್ನೂ ದಂಡೆಗೆ ಬಂದಿಲ್ಲ’ ಎಂದು ಅವರು ದೋಣಿಯ ಕಡೆಗೆ ಕೈ ಎತ್ತಿ ತೋರಿಸಿದರು. ಕೈಯಲ್ಲಿ ಬಿಳಿ ಕರವಸ್ತ್ರವಿತ್ತು. ಗಾಳಿಗೆ ಅದು ಹಾರಾಡಿತು.

ತೆಂಕಲ ಬದಿಯವರು ಕಡಲಿಗೆ ಬೆನ್ನು ಮಾಡಿ ಎಳೆಯತೊಡಗಿದರು.

ನಾನು ಇದನ್ನು ನೂರಾರು ಸಲ ಮತ್ತೆ ನೋಡಿದ್ದೇನೆ. ಪ್ರತಿ ಸಲವೂ ಮೊದಲು ಕಾಣುವುದು ಹಗ್ಗ. ಮರಳಿನಲ್ಲಿ ಸಡಿಲವಾಗಿ ಬಿದ್ದಿದ್ದ ಅದು ನೆಟ್ಟಗಾಯಿತು, ಅದರಿಂದ ನೀರು ಚಿಮ್ಮಿತು. ಆಮೇಲೆ ಕಡಲಲ್ಲಿ ದೋಣಿ ಅಲೆಗೆ ಅಡ್ಡ ತಿರುಗಿತು. ಎಷ್ಟು ಸುಲಭವಾಗಿ ಮಗುಚಿತು ಎಂದರೆ ಯಾರೋ ತಟ್ಟೆಯನ್ನು ಕವುಚಿ ಹಾಕಿದ ಹಾಗೆ. ನಾಲ್ಕು ತಲೆಗಳಲ್ಲಿ ಮೂರು ಮೇಲೆ ಬಂದವು. ಅಣ್ಣನ ಕಾಲು ಹಗ್ಗದ ಸುತ್ತಿನಲ್ಲಿ ಸಿಕ್ಕಿತ್ತು. ಈ ಕಡೆಯವರು ಒಂದೊಂದು ಹೆಜ್ಜೆ ನಡೆದ ಹಾಗೆ ಬಲೆ ಅವನನ್ನು ನೀರಿನಡಿಯಲ್ಲಿ ಎಳೆಯುತ್ತಿತ್ತು. ದೊಡ್ಡಪ್ಪ ದೂರದಲ್ಲಿ ಬಾಯಿ ತೆರೆದು ಕೂಗುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ನನಗೆ ಎಲ್ಲ ಗೊತ್ತಿತ್ತು. ಬಾಯಿಂದ ಒಂದು ಶಬ್ದವೂ ಬರಲಿಲ್ಲ.

ಅಕ್ಕೋರಿಗೆ ಕಟ್ಟುಪಾಡು ಗೊತ್ತಿರಲಿಲ್ಲ. ಆದರೆ ಅವರು ಹಗ್ಗ ನೋಡಿದರು, ದೋಣಿ ನೋಡಿದರು, ತಮ್ಮ ಕೈ ನೋಡಿಕೊಂಡರು. ಕರವಸ್ತ್ರ ಬಿಸಾಡಿ ಓಡಿದರು. ಐವತ್ತು ದಾಟಿದ ಹೆಂಗಸು, ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ಮೆದು ಮರಳಿನಲ್ಲಿ. ಎಳೆಯುವವರ ಸಾಲಿನ ಮುಂದೆ ಹೋಗಿ ಎರಡೂ ತೋಳು ಚಾಚಿ ನಿಂತರು.

‘ನಿಲ್ಲಿ. ತಾಂಡೇಲ ಅಲ್ಲ, ಕೈ ಎತ್ತಿದ್ದು ನಾನು.’

ಮುಂದಿನವನು ನಮ್ಮ ನೆರೆಮನೆಯವನು, ಗಟ್ಟಿ ಆಳು. ‘ಬಾಜೂ ಸರೀರಿ ಅಕ್ಕೋರೇ, ಬಂಗಡೆ ಹೋತದೆ’ ಎಂದು ಹೆಜ್ಜೆ ಹಾಕಿದ. ಅವರು ಸರಿಯಲಿಲ್ಲ. ಅವನ ಭುಜ ಬಡಿದು ಮರಳಿನಲ್ಲಿ ಬಿದ್ದರು. ಬಿದ್ದಲ್ಲಿಂದಲೇ ಅವನ ಕಾಲು ಹಿಡಿದುಕೊಂಡರು.

‘ನನ್ನ ತಪ್ಪು. ಆ ತುದಿ ಬಂದಿಲ್ಲ. ನೀರಲ್ಲಿ ಮನಿಷಾ ಇದ್ದಾನೆ. ಹಿಂದೆ ಬಿಡಿ.’

ಅವನು ತಿರುಗಿ ಕಡಲು ನೋಡಿದ. ಹಗ್ಗ ನಿಂತಿತು.

ನಿಂತರೆ ಸಾಲದು, ಬಿಡಬೇಕು. ಬಿಟ್ಟರೆ ಬಲೆಯೊಳಗಿನ ಮೀನೆಲ್ಲ ಹೋಗುತ್ತದೆ. ಆ ವರ್ಷದ ಮೊದಲ ದೊಡ್ಡ ಬಂಗಡೆ ಗುಂಪು ಅದು, ನೀರು ಕಪ್ಪಾಗಿ ಕುದಿಯುತ್ತಿದ್ದುದು ದಂಡೆಯಿಂದಲೇ ಕಾಣುತ್ತಿತ್ತು. ಆ ಹದಿನೆಂಟು ಜನರಲ್ಲಿ ಒಬ್ಬನೂ ಎರಡು ಸಲ ಯೋಚಿಸಲಿಲ್ಲ. ಸೊಂಟದಿಂದ ಹಗ್ಗ ಕಳಚಿ ಕಡಲಿಗೆ ಬಿಟ್ಟರು. ಮೀನು ಬೆಳ್ಳಿಯ ಹಾಗೆ ಹೊಳೆದು ಚದುರಿಹೋಯಿತು. ಆಮೇಲೆ ಎಷ್ಟು ಹೊತ್ತೋ, ಮಗುಚಿದ ದೋಣಿಯಾಚೆ ನಾಲ್ಕನೆಯ ತಲೆ ಕಂಡಿತು.

ಅವನನ್ನು ಮರಳಿನ ಮೇಲೆ ಮಗ್ಗುಲಾಗಿ ಮಲಗಿಸಿದಾಗ ಬಾಯಿಂದ ನೀರು ಬಂತು. ಕಾಲಿನ ಚರ್ಮ ಸುಲಿದುಹೋಗಿತ್ತು. ವೈನಿ ಅಳಲಿಲ್ಲ, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂದಲಿನ ಮರಳು ತೆಗೆಯುತ್ತಿದ್ದಳು. ದೊಡ್ಡಪ್ಪ ಏದುಸಿರು ಬಿಡುತ್ತ ಬಂದು, ಅಕ್ಕೋರನ್ನು ದಾಟಿ ನನ್ನ ಕಡೆ ತಿರುಗಿದರು. ‘ಅವರಿಗೆ ಗೊತ್ತಿಲ್ಲ. ನೀ ಈ ದಂಡೇಲಿ ಹುಟ್ದವ್ಳು.’ ಅಷ್ಟೇ ಅಂದದ್ದು.

‘ಅವಳಿಗೆ ಬಯ್ಬೇಡಿ. ಹೇಳಿಕೊಡೂದು ನನ್ನ ಕೆಲಸ. ಮೊದಲು ಕೇಳ್ಕೊಳ್ಳೂದೂ ನನ್ನ ಕೆಲಸವೇ ಆಗಿತ್ತು’ ಎಂದರು ಅಕ್ಕೋರು. ಅವರ ಹಣೆಯ ಮೇಲೆ ಮರಳು ಅಂಟಿತ್ತು.

ಮಾರನೆಯ ದಿನ ಅವರು ಕಾಲೇಜಿಗೆ ಬರುವುದಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಸರಿಯಾದ ಸಮಯಕ್ಕೆ ಬಂದರು. ಬೋರ್ಡಿನ ಮೇಲೆ ಕಡಲು, ದೋಣಿ, ಹಗ್ಗ, ತಾವು ನಿಂತ ಜಾಗ ಎಲ್ಲ ಬರೆದು, ಎಲ್ಲಿ ಏನು ತಪ್ಪಿತು ಎಂದು ಒಂದೊಂದಾಗಿ ಹೇಳಿದರು. ‘ತಪ್ಪು ಸಂದೇಶ ಹೋಗೂದು ಜೀವಕೋಶದಲ್ಲೂ ಇದ್ದದ್ದೇ. ಹೋದದ್ದು ಗೊತ್ತಾದ ಕೂಡಲೇ ಅದು ನನ್ನದು ಅಂತ ಹೇಳಬೇಕು. ಅಂಡಾಣುವಿಗೆ ಬಾಯಿ ಇಲ್ಲ. ನಮಗೆ ಇದೆ’ ಎಂದರು.

ಆ ಭಾನುವಾರ ನಮ್ಮ ಮನೆಗೆ ಬಂದರು. ಹರಿದ ಬಲೆಯನ್ನು ಅಂಗಳದಲ್ಲಿ ಹರಡಿಕೊಂಡು ನನ್ನ ಆಯಿ ಹೆಣೆಯುತ್ತಿದ್ದಳು. ಮಗ ಸಾಯುವುದರಲ್ಲಿದ್ದನೆಂದು ಆಯಿಗೆ ಅವರ ಮೇಲೆ ಕೋಪವಿತ್ತು. ಅಕ್ಕೋರು ಪಕ್ಕದಲ್ಲಿ ಕುಳಿತು, ‘ನಂಗೂ ಒಂದು ಸೂಜಿ ಕೊಡಿ’ ಎಂದರು.

‘ನಿಮ್ಮ ಕೈಲಿ ಆಗೂ ಕೆಲಸ ಅಲ್ಲ ಇದು.’

‘ಹೌದು. ಕಲಿಸಿಕೊಡಿ.’

ಆಯಿ ಸೂಜಿ ಕೊಟ್ಟು ಒಂದು ಗಂಟು ಹಾಕಿ ತೋರಿಸಿದಳು. ಆಮೇಲೆ ಅವರು ಹಾಕಿದ ಗಂಟು ನೋಡಿ, ‘ಇದ್ರಲ್ಲಿ ಬಂಗಡೆ ಅಲ್ಲ, ತಿಮಿಂಗಿಲನೂ ಹೊರಗೆ ಹೋತದೆ’ ಎಂದು ಬಿಚ್ಚಿ ಹಾಕಿದಳು. ಅಲ್ಲಿಂದ ಬಲೆ ಮುಗಿಯುವವರೆಗೆ ಅವರು ಪ್ರತಿ ಭಾನುವಾರ ಬಂದರು. ಕೊನೆಕೊನೆಗೆ ಆಯಿ ಅವರ ಗಂಟುಗಳನ್ನು ಬಿಚ್ಚುವುದನ್ನು ಬಿಟ್ಟಳು. ಅಣ್ಣ ಕಾಲು ಮಾಗಿ ದೋಣಿ ಹತ್ತಿದ. ಮುಂದಿನ ವರ್ಷ ಅಕ್ಕೋರು ಹೊಸ ತರಗತಿಯನ್ನು ಮತ್ತೆ ದಂಡೆಗೆ ಕರೆತಂದರು. ಎಲ್ಲರಿಗೂ ಕೈ ಹಿಂದೆ ಕಟ್ಟಿಕೊಳ್ಳಲು ಹೇಳಿದರು, ತಾವೂ ಕಟ್ಟಿಕೊಂಡರು. ಕೈ ಎತ್ತದೆ ಪಾಠ ಹೇಳುವುದು ಅವರಿಗೆ ಬಹಳ ಕಷ್ಟವಾಯಿತೆಂದು ಆ ಹುಡುಗರು ಹೇಳಿದರು.

ಬೀಳ್ಕೊಡುಗೆಯಾದ ಮರುವಾರ ಅವರು ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತಾಗ, ಅಣ್ಣನ ಮಗಳು ಬಂದು ಅವರ ಕನ್ನಡಕ ಕಿತ್ತುಕೊಂಡಳು. ಅವಳಿಗೀಗ ನಾಲ್ಕು ವರ್ಷ. ಅಕ್ಕೋರು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ನಾನು ಧೈರ್ಯ ಮಾಡಿ, ಆ ಬೆಳಿಗ್ಗೆ ನನ್ನನ್ನು ಇನ್ನೂ ಬಿಟ್ಟುಹೋಗಿಲ್ಲ ಎಂದು ಹೇಳಿದೆ. ಮೂರು ತಲೆ ಎಣಿಸಿದ ಮೇಲೆ ನನ್ನ ಎಣಿಕೆ ಅಲ್ಲೇ ನಿಲ್ಲುತ್ತದೆ ಎಂದೆ.

‘ನಂದೂ ಅಲ್ಲೇ ನಿಲ್ತಿತ್ತು’ ಎಂದರು ಅವರು. ‘ಇವಳು ಹುಟ್ಟಿದ ಮೇಲೆ ಬೇರೆ ಲೆಕ್ಕ ಹಿಡಿದೆ. ಅವತ್ತು ಇವಳ ಅರ್ಧ ಭಾಗ ದಂಡೆ ಮೇಲೆ ಇತ್ತು ಮಾರಾಯ್ತಿ. ನಿನ್ನ ವೈನಿಯ ಒಳಗೆ, ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷದಿಂದ ತಡ್ಕೊಂಡು ಕೂತಿತ್ತು. ಇವಳ ಅಪ್ಪ ನೀರಡಿಗೆ ಇದ್ದಾಗ್ಲೂ ಅದು ತನ್ನ ಕೆಲಸ ಬಿಡ್ಲಿಲ್ಲ. ನಿಂತೇ ಇತ್ತು.’

ವೈನಿ ಬಾಗಿಲಲ್ಲಿ ಕುಳಿತು ಒಣಮೀನು ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು.

‘ಹಂಗಾದ್ರೆ ಅವತ್ತು ಅಲ್ಲಿ ಕಾದವಳು ನಾ ಒಬ್ಳೇ ಅಲ್ಲ ಅನ್ನಿ.’